ಧಣಿಯ ಹೆಲಿಕಾಪ್ಟರ್, ಪಕ್ಕದವನ ಬೋರು
ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿ ತೆಗೆದು ನೋಡಿ. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಕೂಡ್ಲಿಗಿ ಇದೆ, ಹರಪನಹಳ್ಳಿ ಇದೆ. ಸಂಡೂರೂ ಇದೆ, ಅದೂ ಅದಿರಿನ ಗುಡ್ಡಗಳ ನಾಡು! ಆಮೇಲೆ ಚೀನಾಕ್ಕೆ ಅದಿರು ಹೋಯಿತು, ಬಳ್ಳಾರಿ ಸೀಮೆಯಲ್ಲಿ ಹೆಲಿಕಾಪ್ಟರ್ ಹಾರಿದವು. ಮಳೆ ಕೈಕೊಟ್ಟಾಗ ಕೂಡ್ಲಿಗಿ ಕಡೆಯ ಜನ ಗುಳೆ ಹೋಗುವುದು ಮಾತ್ರ ತಪ್ಪಲಿಲ್ಲ.

ಆದರೂ ಗಣಿ ಧಣಿಗಳನ್ನು ಕಂಡರೆ ಸಿಟ್ಟಿಗಿಂತ ಬೆರಗೇ ಜಾಸ್ತಿ ಇತ್ತು. ಏಕೆ? ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆ ಎಂದು 1954ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ವಾದಿಸಿದ್ದರು. ಹಗರಿಬೊಮ್ಮನಹಳ್ಳಿಯ ರೈತನ ಹೊಟ್ಟೆ ಉರಿಸುವುದು ಹೆಲಿಕಾಪ್ಟರ್ ಅಲ್ಲ, ಪಕ್ಕದ ಹೊಲದ ಬೋರಿಗೆ ಬಿದ್ದ ನೀರು.

ಮೇಲಿಂದ ದಾನಧರ್ಮ ಬೇರೆ. 2009ರಲ್ಲಿ ಬಳ್ಳಾರಿಯ ಗಣಿ ಧಣಿ, ಆಗಿನ ಸಚಿವ ಜನಾರ್ದನ ರೆಡ್ಡಿ ತಿರುಪತಿ ತಿಮ್ಮಪ್ಪನಿಗೆ ವಜ್ರದ ಕಿರೀಟ ಕೊಟ್ಟರು. ದೇವರಿಗೆ ಕೊಟ್ಟವರನ್ನು ಲೆಕ್ಕ ಕೇಳೋರು ಯಾರು?

ಕೊನೆಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರಲ್ಲಿ ಅಕ್ರಮ ಗಣಿಗಾರಿಕೆಯ ಲೆಕ್ಕ ಬಿಚ್ಚಿದರು: ಬೊಕ್ಕಸಕ್ಕೆ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು.