ಆಲಿಸುವವರನ್ನು ಆಲಿಸುವವರು ಯಾರು? ಆಪ್ತಸಮಾಲೋಚನೆಯಲ್ಲಿ ಮೇಲ್ವಿಚಾರಣೆಯ ಸ್ಥಾನ

ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆಯು ಬೆಳಗಿನಿಂದ ಸಾಯಂಕಾಲದವರೆಗೆ ಜನರ ವ್ಯಾಜ್ಯಗಳನ್ನು ಕೇಳುತ್ತಾ ಕುಳಿತಿರುತ್ತಾನೆ. ಆತನ ಮಾವನಾದ ಇತ್ರೋವನು ಅದನ್ನು ಕಣ್ಣಾರೆ ನೋಡುತ್ತಾನೆ. ನೋಡಿದ ಮೇಲೆ ಮೊದಲು ಪ್ರಶ್ನಿಸುತ್ತಾನೆ, ಉತ್ತರಕ್ಕೆ ಕಿವಿಗೊಡುತ್ತಾನೆ, ಅನಂತರವೇ ಆಲೋಚನೆ ಹೇಳುತ್ತಾನೆ. ಈ ಭಾಗವನ್ನು ನಾವು ಸಾಮಾನ್ಯವಾಗಿ ಆಡಳಿತದ ಹಂಚಿಕೆಯ ಪಾಠವಾಗಿ ಬೋಧಿಸುತ್ತೇವೆ. ಆದರೆ ಪರರ ಭಾರವನ್ನು ಆಲಿಸುವ ಸೇವಕನನ್ನು ಮತ್ತೊಬ್ಬನು ಆಲಿಸಿದ ಪ್ರಸಂಗವೂ ಅದಾಗಿದೆ. ಆಪ್ತಸಮಾಲೋಚಕರ ಹಾಗೂ ಮನೋಚಿಕಿತ್ಸಕರ ವೃತ್ತಿಯಲ್ಲಿ ‘ಕ್ಲಿನಿಕಲ್ ಮೇಲ್ವಿಚಾರಣೆ’ ಎಂದು ಕರೆಯಲ್ಪಡುವ ಶಿಸ್ತು ಇದಕ್ಕೆ ಸಮೀಪವಾದದ್ದು. ಆಪ್ತಸಮಾಲೋಚನೆಯನ್ನು ಸಭಾಪಾಲನೆಯ ಭಾಗವಾಗಿ ಸ್ವೀಕರಿಸಿರುವ ನಾವು ಈ ಶಿಸ್ತನ್ನೂ ಸ್ವೀಕರಿಸಬೇಕೆಂಬುದು ಈ ಲೇಖನದ ಅಭಿಪ್ರಾಯ.

1. ಮೇಲ್ವಿಚಾರಣೆ ಎಂದರೇನು?

ಈ ಪದವೇ ನಮ್ಮಲ್ಲಿ ತೊಡಕನ್ನುಂಟುಮಾಡುತ್ತದೆ. ಮೇಲ್ವಿಚಾರಕ ಎಂದೊಡನೆ ಪರೀಕ್ಷಾ ಕೊಠಡಿಯಲ್ಲಿ ತಿರುಗಾಡುವವರು, ಕೆಲಸಗಾರರ ಹಾಜರಿ ನೋಡುವವರು ನೆನಪಿಗೆ ಬರುತ್ತಾರೆ. ಇಲ್ಲಿ ಹೇಳುವ ಮೇಲ್ವಿಚಾರಣೆ ತಪಾಸಣೆಯಲ್ಲ. ಸಮಾಲೋಚಕನು ಅನುಭವಿ ಸಹೋದ್ಯೋಗಿಯೊಬ್ಬರನ್ನು ನಿಯತವಾಗಿ ಭೇಟಿಮಾಡಿ, ತಾನು ನಡೆಸಿದ ಸಮಾಲೋಚನೆಯನ್ನು ಅವರ ಮುಂದಿಟ್ಟು ಪರಿಶೀಲಿಸುವ ಒಪ್ಪಂದವೇ ಅದು. ಅದು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದದ್ದಲ್ಲ. ಬ್ರಿಟನ್ನಿನ ಸಮಾಲೋಚಕರ ವೃತ್ತಿಸಂಘವು ಮಾನ್ಯತೆ ಪಡೆದ ಸದಸ್ಯರಿಂದಲೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆಯ ಮೇಲ್ವಿಚಾರಣೆಯನ್ನು ಅಪೇಕ್ಷಿಸುತ್ತ ಬಂದಿದೆ.

ಇದರ ಬೇರುಗಳು ಎರಡು ಕಡೆ ಇವೆ. 1920ರಲ್ಲಿ ಮ್ಯಾಕ್ಸ್ ಐಟಿಂಗನ್ ಮೊದಲಾದವರು ಬರ್ಲಿನ್ನಿನಲ್ಲಿ ತೆರೆದ ಮನೋವಿಶ್ಲೇಷಣಾ ಚಿಕಿತ್ಸಾಲಯದಲ್ಲಿ ಶಾಸ್ತ್ರಪಾಠ, ಸ್ವಂತ ವಿಶ್ಲೇಷಣೆ, ಹಿರಿಯರ ಮಾರ್ಗದರ್ಶನದಲ್ಲಿ ಚಿಕಿತ್ಸೆ ಎಂಬ ಮೂರು ಅಂಗಗಳ ತರಬೇತಿ ರೂಪುಗೊಂಡಿತು. ಎರಡನೆಯ ಬೇರು ಸಭೆಯೊಳಗಿನದು. ತೀವ್ರ ಮಾನಸಿಕ ಅಸ್ವಸ್ಥತೆಯಿಂದ ಸ್ವತಃ ಆಸ್ಪತ್ರೆ ಸೇರಿದ್ದ ಅಮೆರಿಕದ ಸಭಾಪಾಲಕ ಆಂಟನ್ ಬಾಯ್ಸನ್, 1925ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಮಾನಸಿಕ ಆಸ್ಪತ್ರೆಗೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದರು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯರ ಬಾಳನ್ನೂ ಓದಬೇಕೆಂಬುದು ಅವರ ನಂಬಿಕೆಯಾಗಿತ್ತು. ಅವರ ನಂತರ ರಸೆಲ್ ಡಿಕ್ಸ್, ರೋಗಿಯೊಡನೆ ನಡೆದ ಮಾತುಕತೆಯನ್ನು ನೆನಪಿನಿಂದ ಯಥಾವತ್ತಾಗಿ ಬರೆದು ಚರ್ಚಿಸುವ ‘ವರ್ಬೇಟಿಮ್’ ಪದ್ಧತಿಯನ್ನು ಬೆಳೆಸಿದರು. ಆದ್ದರಿಂದ ಮೇಲ್ವಿಚಾರಣೆಯನ್ನು ಪರಕೀಯವೆಂದು ದೂರವಿಡಲು ನಮಗೆ ಕಾರಣವಿಲ್ಲ.

2. ಒಂದು ಉದಾಹರಣೆ

ಯುವ ಸಭಾಪಾಲಕರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಗಂಡನನ್ನು ಕಳೆದುಕೊಂಡ ಸಭಾಸದಸ್ಯೆಯನ್ನು ಅವರು ಭೇಟಿಮಾಡಿದ್ದಾರೆ. ಅವರ ವರ್ಬೇಟಿಮ್‌ನಲ್ಲಿ ಆಕೆ, “ದೇವರು ನನ್ನ ಮನೆಯ ಕಡೆ ನೋಡುವುದನ್ನೇ ಬಿಟ್ಟಿದ್ದಾನೆ, ಅಯ್ಯನವರೇ” ಎನ್ನುತ್ತಾಳೆ. ಮುಂದಿನ ಸಾಲು ಸಭಾಪಾಲಕರದು: “ನಾವು ಪ್ರಾರ್ಥಿಸೋಣ.” ಮೇಲ್ವಿಚಾರಕರು ಅಲ್ಲಿಯೇ ನಿಂತು, “ಆ ಗಳಿಗೆಯಲ್ಲಿ ಪ್ರಾರ್ಥನೆ ಯಾರಿಗೆ ಬೇಕಾಗಿತ್ತು?” ಎಂದು ಕೇಳುತ್ತಾರೆ. ಬಹಳ ಹೊತ್ತಿನ ಮೌನದ ನಂತರ ಸಭಾಪಾಲಕರು, ತಂದೆ ತೀರಿಕೊಂಡ ದಿನ ತಮ್ಮ ತಾಯಿಯೂ ಇದೇ ಮಾತನ್ನಾಡಿದ್ದಳೆಂದು ಹೇಳುತ್ತಾರೆ.

ಪ್ರಾರ್ಥನೆ ತಪ್ಪಾಗಿರಲಿಲ್ಲ, ಅದು ಬಂದ ಸಮಯ ತಪ್ಪಾಗಿತ್ತು. ಆಕೆಯ ದೂರನ್ನು ದೇವರ ಬಳಿಗೆ ಒಯ್ಯುವ ಬದಲು ಅದು ಆಕೆಯ ಬಾಯನ್ನು ಮುಚ್ಚಿಸಿತು. ಯೋಬನ ಸ್ನೇಹಿತರು ಏಳು ದಿನ ಮೌನವಾಗಿ ಕುಳಿತಿದ್ದಾಗ ಮಾಡಿದ ಉಪಕಾರವನ್ನು ಬಾಯ್ದೆರೆದ ಮೇಲೆ ಕಳೆದುಕೊಂಡರೆಂಬುದನ್ನು ನಾವು ಬಲ್ಲೆವು. ನಮ್ಮ ಭಕ್ತಿಯ ಮಾತುಗಳೇ ನಮಗೆ ಮರೆಯಾಗುವ ಅಪಾಯವನ್ನು ನಾವೇ ಕಂಡುಕೊಳ್ಳುವುದು ಕಷ್ಟ. ಅದಕ್ಕೆ ಇನ್ನೊಬ್ಬರ ಕಣ್ಣು ಬೇಕು.

3. ಮೂರು ಕಾರ್ಯಗಳು

ಬ್ರಿಜಿಡ್ ಪ್ರಾಕ್ಟರ್ ಎಂಬವರು ಮೇಲ್ವಿಚಾರಣೆಯ ಕಾರ್ಯವನ್ನು ಮೂರಾಗಿ ವಿಂಗಡಿಸಿದ್ದಾರೆ: ಕೌಶಲವನ್ನು ರೂಪಿಸುವುದು, ನೀತಿಯ ಮಿತಿಯನ್ನು ಕಾಯುವುದು, ದಣಿದವರನ್ನು ಚೇತರಿಸುವುದು. ಮೇಲಿನ ಉದಾಹರಣೆ ಮೊದಲನೆಯದಕ್ಕೆ ಸೇರಿದ್ದು. ಎರಡನೆಯದು ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ದೇಶದ 2012ರ ಪೋಕ್ಸೋ ಕಾಯಿದೆಯನ್ನು ನೆನೆದರೆ ಸಾಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಮು ವಿಧಿಸುತ್ತದೆ. ಕುಟುಂಬದ ಮಾನ, ಸಭೆಯ ಹೆಸರು ಎಂಬ ಒತ್ತಡಗಳ ನಡುವೆ ಒಂಟಿಯಾಗಿರುವ ಸಭಾಪಾಲಕರು ಇಲ್ಲಿ ಎಡವಬಹುದು. ಜೊತೆಗೊಬ್ಬ ಮೇಲ್ವಿಚಾರಕರಿದ್ದರೆ ಕರ್ತವ್ಯವು ಸ್ಪಷ್ಟವಾಗುತ್ತದೆ. ಮೂರನೆಯದನ್ನು ನಾವು ಹೆಚ್ಚಾಗಿ ಅಲಕ್ಷಿಸುತ್ತೇವೆ. ಒಂದೇ ವಾರದಲ್ಲಿ ಮೂರು ಶವಸಂಸ್ಕಾರಗಳನ್ನು ನಡೆಸಿ ಭಾನುವಾರ ಪ್ರಸಂಗಪೀಠ ಏರುವವರ ದುಃಖವನ್ನು ಯಾರೂ ಕೇಳುವುದಿಲ್ಲ.

4. ಎರಡು ಎಚ್ಚರಿಕೆಗಳು

ಮೊದಲನೆಯದು ಅಧಿಕಾರದ ವಿಷಯ. ನಮ್ಮ ವರ್ಗಾವಣೆಯನ್ನೂ ಬಡ್ತಿಯನ್ನೂ ನಿರ್ಧರಿಸುವವರ ಮುಂದೆ ನಾವು ನಮ್ಮ ತಪ್ಪುಗಳನ್ನು ಬಿಚ್ಚಿಡಲಾರೆವು. ಆದಕಾರಣ ಸಾಧ್ಯವಾದ ಮಟ್ಟಿಗೆ ಆಡಳಿತಗಾರರೂ ಮೇಲ್ವಿಚಾರಕರೂ ಒಬ್ಬರೇ ಆಗಿರಬಾರದು. ಎರಡನೆಯದು ಗೌಪ್ಯತೆ. ಮೇಲ್ವಿಚಾರಣೆ ಪಡೆಯುತ್ತಿರುವ ಸಂಗತಿಯನ್ನು ಸಮಾಲೋಚನೆಗೆ ಬಂದವರಿಗೆ ಆರಂಭದಲ್ಲಿಯೇ ತಿಳಿಸಬೇಕು. ಹೆಸರನ್ನೂ ಗುರುತನ್ನೂ ಮರೆಮಾಡಬೇಕು. ಪಾಪನಿವೇದನೆಯ ಸಂಸ್ಕಾರವಿರುವ ಸಭೆಗಳಲ್ಲಿ ಮತ್ತಷ್ಟು ಎಚ್ಚರ ಅಗತ್ಯ: ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯ ಪ್ರಕಾರ ಆ ಸಂಸ್ಕಾರದ ಮುದ್ರೆ ಮುರಿಯಲಾಗದ್ದು. ಅಲ್ಲಿ ಕೇಳಿದ್ದನ್ನು ಮೇಲ್ವಿಚಾರಣೆಗೆ ತರುವಂತಿಲ್ಲ.

ಪೌಲನು ಮಿಲೇತದಲ್ಲಿ ಎಫೆಸದ ಹಿರಿಯರನ್ನು ಬೀಳ್ಕೊಡುವಾಗ, ಹಿಂಡಿನ ವಿಷಯದಲ್ಲಿ ಎಚ್ಚರವಾಗಿರಬೇಕೆನ್ನುವ ಮೊದಲು ತಮ್ಮ ವಿಷಯದಲ್ಲಿಯೇ ಎಚ್ಚರವಾಗಿರಬೇಕೆನ್ನುತ್ತಾನೆ. ಆ ಕ್ರಮವನ್ನು ನಾವು ತಲೆಕೆಳಗು ಮಾಡಬಾರದು. ತರಬೇತಿ ಪಡೆದ ಮೇಲ್ವಿಚಾರಕರು ಎಲ್ಲ ಊರುಗಳಲ್ಲಿ ದೊರೆಯಲಾರರು. ಆದರೂ ನೆರೆಹೊರೆಯ ಮೂರು ನಾಲ್ಕು ಸಭಾಪಾಲಕರು ತಿಂಗಳಿಗೊಮ್ಮೆ ಸೇರಿ, ಗೌಪ್ಯತೆಯ ಒಪ್ಪಂದದೊಡನೆ ಒಂದೊಂದು ವರ್ಬೇಟಿಮ್ ಓದಿಕೊಳ್ಳುವುದರಿಂದ ಆರಂಭಿಸಬಹುದು. ಇತ್ರೋವನು ಆಲೋಚನೆ ಹೇಳಿದ ಮೇಲೆ ಪಾಳೆಯದಲ್ಲಿ ಅಧಿಕಾರ ಹಿಡಿದು ಕೂರಲಿಲ್ಲ. ಕೆಲಸವನ್ನು ಮೋಶೆಯ ಕೈಯಲ್ಲಿಯೇ ಬಿಟ್ಟು ತನ್ನ ದೇಶಕ್ಕೆ ಹೊರಟುಹೋದನು. ಒಳ್ಳೆಯ ಮೇಲ್ವಿಚಾರಣೆಯೂ ಹಾಗೆಯೇ ಮುಗಿಯುತ್ತದೆ.