ಬುಧವಾರದ ಸಂತೆ: ವಿಶ್ವಾಸವೇ ಬಂಡವಾಳ

ಮಲ್ಪೆ ಬಂದರಿನಿಂದ ಹೊರಟು ಉಡುಪಿ, ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿಗಳನ್ನು ಹಾದು ಆಗುಂಬೆ ಘಾಟಿಯೇರಿ ತೀರ್ಥಹಳ್ಳಿಯನ್ನು ಮುಟ್ಟುವ 169ಎ ರಾಷ್ಟ್ರೀಯ ಹೆದ್ದಾರಿಯು ಕಡಲನ್ನೂ ಮಲೆನಾಡನ್ನೂ ಬೆಸೆಯುವ ವ್ಯಾಪಾರದ ದಾರಿ. ಪೆರ್ಡೂರಿನ ಕಡೆಯಿಂದ ಉಡುಪಿಗೆ ಇಳಿಯುವ ಬೆಳಗಿನ ಬಸ್ಸುಗಳಲ್ಲಿ ಬುಧವಾರದಂದು ಒಂದು ವಿಶೇಷವಿರುತ್ತದೆ. ಹರಿವೆಯ ಕಟ್ಟು, ಬಸಳೆಯ ಸುರುಳಿ, ಅಲಸಂಡೆ, ಬಾಳೆಗೊನೆಗಳ ಚೀಲಗಳು ಪ್ರಯಾಣಿಕರ ಕಾಲಿನ ಸಂದಿಯಲ್ಲಿ ಕುಳಿತಿರುತ್ತವೆ. ಅವುಗಳ ಗಮ್ಯಸ್ಥಾನ ಆದಿ ಉಡುಪಿಯ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದಲ್ಲಿ ನಡೆಯುವ ವಾರದ ಸಂತೆ.

ಉಡುಪಿ ಜಿಲ್ಲೆಯ ಸಂತೆಗಳಿಗೆ ತಮ್ಮದೇ ಪಂಚಾಂಗವಿದೆ. ಭಾನುವಾರ ಕಲ್ಯಾಣಪುರದ ಸಂತೆಕಟ್ಟೆ, ಸೋಮವಾರ ಬ್ರಹ್ಮಾವರ, ಬುಧವಾರ ಆದಿ ಉಡುಪಿ, ಶನಿವಾರ ಕುಂದಾಪುರ. ಒಂದೇ ವರ್ತಕ, ಒಂದೇ ತಕ್ಕಡಿ, ಒಂದೇ ಟಾರ್ಪಾಲು ವಾರವಿಡೀ ಊರಿನಿಂದ ಊರಿಗೆ ಸಂಚರಿಸುತ್ತವೆ. ಅಂಗಡಿಯ ವರ್ತಕನು ಗಿರಾಕಿಯ ದಾರಿ ಕಾಯುತ್ತಾನೆ. ಸಂತೆಯ ವರ್ತಕನು ಗಿರಾಕಿಯ ಊರಿಗೇ ಹೋಗುತ್ತಾನೆ. ನಿತ್ಯವೂ ಅಂಗಡಿ ತೆರೆದಿಡುವಷ್ಟು ಗಿರಾಕಿಗಳಿಲ್ಲದ ಊರಿನಲ್ಲಿ, ಏಳು ದಿನದ ಬೇಡಿಕೆಯನ್ನು ಒಂದು ದಿನಕ್ಕೆ ಒಟ್ಟುಗೂಡಿಸುವ ಏರ್ಪಾಡೇ ಸಂತೆ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ ಎಂಬ ಗಾದೆಯು ಅವಸರದ ಕೆಲಸವನ್ನು ಹಳಿಯಲು ಹುಟ್ಟಿದ್ದರೂ, ದಿನ ತಪ್ಪದ ಮಾರುಕಟ್ಟೆಯು ಉತ್ಪಾದಕನ ಕೈಯನ್ನು ಹೇಗೆ ಓಡಿಸುತ್ತದೆ ಎಂಬುದಕ್ಕೂ ಅದೇ ಸಾಕ್ಷಿ.

ಸಂತೆಗೆ ಬರುವವರು ಸರಕಿಗಾಗಿ ಮಾತ್ರ ಬರುವುದಿಲ್ಲ. ಮದುವೆಯಾಗಿ ಬೇರೆ ಊರು ಸೇರಿದ ಮಗಳು ತಾಯಿಯನ್ನು ಕಾಣುವುದು ಇಲ್ಲಿ. ಅಡಕೆಯ ಧಾರಣೆ, ಗದ್ದೆಯ ಕೆಲಸಕ್ಕೆ ಸಿಗುವ ಆಳು, ಮಾರಾಟಕ್ಕಿರುವ ಕರು, ಸಂಬಂಧ ಕುದುರಬಹುದಾದ ಹುಡುಗ, ಎಲ್ಲದರ ಸುದ್ದಿಯೂ ದೊರೆಯುವುದು ಇಲ್ಲಿ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳ ನಡುವೆ ಈರುಳ್ಳಿ, ಮೆಣಸಿನಕಾಯಿ ಹೊತ್ತು ಬಂದ ಘಟ್ಟದ ಮೇಲಿನವರ ಕನ್ನಡವೂ ಬೆರೆಯುತ್ತದೆ. ವರ್ಷಗಟ್ಟಲೆ ಬರುವ ಆ ವರ್ತಕರಲ್ಲಿ ಅನೇಕರು ತುಳುವಿನಲ್ಲಿಯೇ ಚೌಕಾಸಿ ಮಾಡುವಷ್ಟು ಪಳಗಿದ್ದಾರೆ. ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಗೋಡೆಯಿಲ್ಲ, ನಾಮಫಲಕವಿಲ್ಲ, ಬಳಕೆಯೇ ಹಕ್ಕುಪತ್ರ. ವರ್ತಕನೊಬ್ಬ ಕಾಯಿಲೆಯಿಂದ ಎರಡು ವಾರ ಬಾರದಿದ್ದರೆ ಪಕ್ಕದವನು ಆ ಜಾಗವನ್ನು ಕಾದಿಡುತ್ತಾನೆ. ಮೂರನೆಯ ವಾರ ಗಿರಾಕಿಗಳೇ ವಿಚಾರಿಸತೊಡಗುತ್ತಾರೆ.

ಇಂತಹ ಪರಿಚಯಕ್ಕೆ ಹಣದ ಬೆಲೆಯೂ ಇದೆ. 'ಮುಂದಿನ ವಾರ ಕೊಡುತ್ತೇನೆ' ಎಂಬ ಮಾತಿನ ಮೇಲೆ ಸರಕು ಕೈ ಬದಲಾಯಿಸುತ್ತದೆ. ಸಗಟು ವರ್ತಕನು ಚಿಲ್ಲರೆಯವನಿಗೆ ಮುಂಜಾನೆ ಮೂಟೆ ಒಪ್ಪಿಸಿ ಸಂಜೆ ಹಣ ಪಡೆಯುತ್ತಾನೆ. ಮಾರಾಟ ಕೈಕೊಟ್ಟರೆ ಬಾಕಿಯು ಮುಂದಿನ ಸಂತೆಗೆ ಹೋಗುತ್ತದೆ. ಇದಕ್ಕೆ ಜಾಮೀನಿಲ್ಲ, ಬಡ್ಡಿಯಿಲ್ಲ, ದಾಖಲೆಯೆಂದರೆ ಒಂದು ಸಣ್ಣ ಪುಸ್ತಕ. ಮುಂದಿನ ವಾರವೂ ಅದೇ ಜಾಗದಲ್ಲಿ ಮುಖ ತೋರಿಸಬೇಕೆಂಬ ಸಂಕೋಚವೇ ಇಲ್ಲಿನ ಜಾಮೀನು. ದಾಸ್ತಾನು ಒಂದೇ ದಿನದಲ್ಲಿ ಕರಗುವುದರಿಂದ ಚಿಕ್ಕ ಬಂಡವಾಳವೇ ವಾರಕ್ಕೆ ಮೂರು ನಾಲ್ಕು ಬಾರಿ ತಿರುಗುತ್ತದೆ. ಯಾವ ದೊಡ್ಡ ಮಳಿಗೆಯೂ ಅಸೂಯೆಪಡಬೇಕಾದ ವೇಗವಿದು. ಆದರೆ ಸೊಪ್ಪು ಸಂಜೆಯವರೆಗೆ ಕಾಯುವುದಿಲ್ಲ. ಬೆಳಗಿನ ದರಕ್ಕೂ ಸೂರ್ಯಾಸ್ತದ ದರಕ್ಕೂ ಅಜಗಜಾಂತರವಿರುವುದನ್ನು ಬಲ್ಲ ಗೃಹಿಣಿಯರು ಬೇಕೆಂದೇ ತಡವಾಗಿ ಬರುತ್ತಾರೆ.

ಸಂತೆಯ ವ್ಯಾಪಾರವು ಋತುಮಾನವನ್ನೂ ದೇವಸ್ಥಾನದ ಉತ್ಸವಗಳನ್ನೂ ಅನುಸರಿಸುತ್ತದೆ. ಪೆರ್ಡೂರಿನ ಶ್ರೀ ಅನಂತಪದ್ಮನಾಭ ದೇವರು ಕದಳೀಪ್ರಿಯನೆಂದು ಖ್ಯಾತ. ಬಾಳೆಹಣ್ಣು ಅಲ್ಲಿನ ಮುಖ್ಯ ಹರಕೆ. ಆಗಸ್ಟ್ ನಡುವಿನ ಸಿಂಹ ಸಂಕ್ರಮಣದಂದು ನವದಂಪತಿಗಳು ನೆರೆಯುವ ಮದುಮಕ್ಕಳ ಜಾತ್ರೆಯ ಬೇಡಿಕೆಯನ್ನು ಬಾಳೆ ಬೆಳೆಗಾರರು ಕಂದು ನೆಡುವಾಗಲೇ ಲೆಕ್ಕ ಹಾಕಬೇಕಾಗುತ್ತದೆ. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೂ ಸಂತೆಯಲ್ಲಿ ಅನುಭವಿ ಗಿರಾಕಿಯು ಬದನೆಯನ್ನು ನೋಡುವ ಮೊದಲು ಮಾರುವವರ ಮುಖವನ್ನು ನೋಡುತ್ತಾನೆ. ಅಸಲಿ ಗುಳ್ಳವನ್ನು ಗುರುತಿಸುವ ಹಳೆಯ ಕ್ರಮ ಅದೇ.

ಹೀಗೆ ಮುಖ ನೋಡಿ ನಡೆಯುತ್ತಿದ್ದ ವ್ಯವಹಾರಕ್ಕೆ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಮೊದಲ ದೊಡ್ಡ ಪೆಟ್ಟು ನೀಡಿತು. ಸಂತೆಗಳು ನಿಂತವು. ಮತ್ತೆ ಆರಂಭವಾದಾಗ ತಕ್ಕಡಿಯ ಪಕ್ಕದಲ್ಲಿ ಕ್ಯೂಆರ್ ಕೋಡಿನ ಫಲಕಗಳು ಹೆಚ್ಚತೊಡಗಿದವು. ಚಿಲ್ಲರೆಯ ಜಗಳ ತಪ್ಪಿತು, ಕಳ್ಳನೋಟಿನ ಭಯ ತಗ್ಗಿತು. ಜೊತೆಗೇ, ಅಲ್ಲಿಯವರೆಗೆ ವರ್ತಕನ ನೆನಪಿನಲ್ಲಷ್ಟೇ ಇದ್ದ ಮಾರಾಟವು ಬ್ಯಾಂಕಿನ ದಾಖಲೆಗೆ ಸೇರಿತು.

ಅದರ ಪರಿಣಾಮ 2025ರ ಜುಲೈ ತಿಂಗಳಲ್ಲಿ ಗೋಚರಿಸಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಸ್ವೀಕರಿಸಿದ ಮೊತ್ತವನ್ನು ಆಧರಿಸಿ ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿತು. ತರಕಾರಿ, ಹಾಲು ಮಾರುವವರೂ ಆ ಪಟ್ಟಿಯಲ್ಲಿದ್ದರು. ಅನೇಕರು ಫಲಕವನ್ನು ಕಿತ್ತು 'ನಗದು ಮಾತ್ರ' ಎಂದು ಬರೆದರು. ವರ್ತಕರು ಪ್ರತಿಭಟನೆಗೆ ಸಿದ್ಧರಾದ ಬಳಿಕ ಮುಖ್ಯಮಂತ್ರಿಗಳು ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದೂ ಮಿತಿ ಮೀರಿದವರು ಮುಂದೆ ನೋಂದಣಿ ಮಾಡಿಸಬೇಕೆಂದೂ ತಿಳಿಸಿದರು. ಗದ್ದಲ ತಣ್ಣಗಾಯಿತು, ಗೊಂದಲ ಮಾತ್ರ ಸಂತೆಯಲ್ಲಿ ಇನ್ನೂ ಉಳಿದಿದೆ. ಆದ್ದರಿಂದ ನಿಯಮವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತ.

ಸರಕು ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಮೀರಿದರೆ ಜಿಎಸ್‌ಟಿ ನೋಂದಣಿ ಪಡೆಯಬೇಕು. ವಾರಕ್ಕೆ ನಾಲ್ಕು ಸಂತೆ ಮಾಡುವವನಿಗೆ ವರ್ಷಕ್ಕೆ 208 ಸಂತೆ. ಸಂತೆಯೊಂದಕ್ಕೆ ಸುಮಾರು 19,230 ರೂಪಾಯಿ ಮಾರಾಟವಾದರೆ ಮಿತಿ ತುಂಬಿತು. ಈರುಳ್ಳಿಯನ್ನು ಕಿಲೋಗೆ 30 ರೂಪಾಯಿಯಂತೆ ಮಾರಿದರೆ ಇದು 641 ಕಿಲೋ, ಅಂದರೆ 50 ಕಿಲೋದ ಹದಿಮೂರು ಮೂಟೆಗೂ ಕಡಿಮೆ. ಕಿಲೋಗೆ 3 ರೂಪಾಯಿ ಉಳಿಯುತ್ತದೆಂದು ಭಾವಿಸೋಣ: ಕೈಗೆ 1,923 ರೂಪಾಯಿ. ಅದರಲ್ಲಿ ವಾಹನದ ಬಾಡಿಗೆ, ಸಹಾಯಕನ ಕೂಲಿ, ಸಂತೆಯ ಸುಂಕ, ಕೊಳೆತ ಮಾಲಿನ ನಷ್ಟ ಕಳೆಯಬೇಕು. ನಲವತ್ತು ಲಕ್ಷದ ವಹಿವಾಟುದಾರನೆಂದು ಕಡತದಲ್ಲಿ ಕಾಣುವವನು ವಾಸ್ತವದಲ್ಲಿ ಕೂಲಿಯವನಿಗಿಂತ ತುಸು ಮೇಲಿನ ಗಳಿಕೆಯವನು. ವಹಿವಾಟು ಬೇರೆ, ಆದಾಯ ಬೇರೆ ಎಂಬ ವಾಣಿಜ್ಯಶಾಸ್ತ್ರದ ಮೊದಲ ಪಾಠವನ್ನು ನೋಟಿಸು ಬರೆದವರೂ ನೋಟಿಸಿಗೆ ಹೆದರಿದವರೂ ಒಟ್ಟಿಗೇ ಮರೆತಂತೆ ಕಂಡಿತು.

ತಾಜಾ ತರಕಾರಿ, ಹಣ್ಣು, ಸೊಪ್ಪುಗಳಿಗೆ ಜಿಎಸ್‌ಟಿ ಇಲ್ಲ. ಅಂತಹ ವಿನಾಯಿತಿಯ ಸರಕನ್ನು ಮಾತ್ರ ಮಾರುವವನು ಎಷ್ಟೇ ಮಾರಿದರೂ ನೋಂದಣಿ ಪಡೆಯಬೇಕಾಗಿಲ್ಲ. ತೊಡಕಿರುವುದು ಬೆರಕೆಯ ವ್ಯಾಪಾರದಲ್ಲಿ. ಈರುಳ್ಳಿಯ ರಾಶಿಯ ಪಕ್ಕದಲ್ಲಿ ಒಂದು ಚೀಲ ಬ್ಯಾಡಗಿ ಒಣಮೆಣಸಿನಕಾಯಿ ಇಟ್ಟುಕೊಂಡರೆ, ಒಣಮೆಣಸಿನಕಾಯಿಯು ಶೇ. 5ರ ತೆರಿಗೆಯ ಸರಕಾದ ಕಾರಣ, ಮಿತಿಯ ಲೆಕ್ಕಕ್ಕೆ ಈರುಳ್ಳಿಯ ಮಾರಾಟವೂ ಸೇರುತ್ತದೆ. ಇದು ಸಂತೆಯ ಬಹುಪಾಲು ವರ್ತಕರಿಗೆ ತಿಳಿದಿಲ್ಲ. ಮಿತಿ ಮೀರಿದವರಿಗೆ ರಾಜಿ ತೆರಿಗೆ ಪದ್ಧತಿಯಿದ್ದು, ಅದರಲ್ಲಿ ವರ್ತಕರು ತೆರಿಗೆ ಅನ್ವಯಿಸುವ ಸರಕಿನ ಮಾರಾಟದ ಮೇಲೆ ಶೇ. 1ರಷ್ಟು ಕಟ್ಟಿದರೆ ಸಾಕು. ಒಂದು ಚೀಲ ಮೆಣಸಿನ ಮಟ್ಟಿಗೆ ಅದು ಹೊರಲಾಗದ ಭಾರವೇನಲ್ಲ. ಆದರೆ ಅದಕ್ಕೆ ಖರೀದಿಯ ಚೀಟಿ ಬೇಕು, ಸರಕುವಾರು ಮಾರಾಟದ ಟಿಪ್ಪಣಿ ಬೇಕು, ಮನೆಖರ್ಚಿನ ಖಾತೆಯಿಂದ ಬೇರೆಯಾದ ಬ್ಯಾಂಕ್ ಖಾತೆ ಬೇಕು. ಅಳಿಯ ಕಳುಹಿಸಿದ ಹಣ, ಸ್ವಸಹಾಯ ಸಂಘದ ಸಾಲ, ಪಕ್ಕದವನ ಪರವಾಗಿ ಪಡೆದ ಮೊತ್ತ ಎಲ್ಲವೂ ಒಂದೇ ಖಾತೆಗೆ ಬಂದು ಬಿದ್ದರೆ ಅಧಿಕಾರಿಗೆ ಕಾಣುವುದು ಒಂದೇ ಮೊತ್ತ. ಪಕ್ಕದವನ ಮೊಬೈಲು ನಿಂತುಹೋದಾಗ ತನ್ನ ಕ್ಯೂಆರ್ ಫಲಕವನ್ನು ಕೊಟ್ಟು ನೆರವಾಗುವುದು ಸಂತೆಯ ಸೌಜನ್ಯ. ಲೆಕ್ಕಪತ್ರದಲ್ಲಿ ಆ ಸೌಜನ್ಯಕ್ಕೆ ಅಂಕಣವಿಲ್ಲ.

ಸಾಲದ ವಿಷಯದಲ್ಲಿಯೂ ಸಂತೆಯವರು ಎರಡು ಯೋಜನೆಗಳ ನಡುವೆ ಬೀಳುವವರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಐವತ್ತು ವರ್ಷಕ್ಕೂ ಹಳೆಯ ಸಹಜ ಮಾರುಕಟ್ಟೆಗಳಿಗೆ ಪಾರಂಪರಿಕ ಮಾನ್ಯತೆಯನ್ನು ಹೇಳುತ್ತದೆ. ಆದರೆ ಅದರ ಸಮಿತಿಗಳೂ ಗುರುತಿನ ಚೀಟಿಗಳೂ ಪಟ್ಟಣಗಳಿಗಾಗಿ ರೂಪಿತವಾದವು. 2020ರ ಪಿಎಂ ಸ್ವನಿಧಿ ಸಾಲವೂ ಮುಖ್ಯವಾಗಿ ನಗರದ ವ್ಯಾಪಾರಿಯನ್ನು ಉದ್ದೇಶಿಸಿತು. ಸೋಮವಾರ ಒಂದೂರು, ಬುಧವಾರ ಮತ್ತೊಂದೂರು ಎಂದು ತಿರುಗುವವನು ಯಾವ ಸ್ಥಳೀಯ ಸಂಸ್ಥೆಯ ವ್ಯಾಪಾರಿ? ಸುಂಕವನ್ನು ಮಾತ್ರ ಎಲ್ಲ ಊರಿನಲ್ಲಿಯೂ ಕಟ್ಟುತ್ತಾನೆ. ಆಂಧ್ರದ ರೈತು ಬಜಾರ್, ತಮಿಳುನಾಡಿನ ಉಳವರ್ ಸಂದೈ ಎರಡೂ 1999ರಲ್ಲಿ ಸರ್ಕಾರದ ಆಶ್ರಯದಲ್ಲಿ ಹುಟ್ಟಿ ಬೆಳೆಗಾರನಿಗೆ ಗುರುತಿನ ಚೀಟಿಯನ್ನೂ ನೆಲೆಯನ್ನೂ ಒದಗಿಸಿದವು. ಕರಾವಳಿಯ ಸಂತೆಗೆ ಅಂತಹ ಪೋಷಕರಿಲ್ಲ. ಪ್ರಾಂಗಣದ ಸ್ವಚ್ಛತೆ, ಶೌಚಾಲಯ, ಮಳೆಗೆ ಒಂದು ಮಾಡು ಇವಿಷ್ಟೇ ಕೇಳಿಕೆ.

ಕೇಳಿಕೆ ಈಡೇರಲಿ, ಬಿಡಲಿ, ಮೇ ತಿಂಗಳ ಕೊನೆಯ ಬುಧವಾರ ಪ್ರಾಂಗಣದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಜೂನ್ ಒಂದರಿಂದ ಯಾಂತ್ರಿಕ ಮೀನುಗಾರಿಕೆಗೆ ಎರಡು ತಿಂಗಳ ನಿಷೇಧ. ಮಳೆಯೂ ಅದೇ ಸಮಯಕ್ಕೆ. ಒಣಮೀನು, ಮೆಣಸಿನಕಾಯಿ, ಈರುಳ್ಳಿ, ಹುಣಸೆ, ಬೆಲ್ಲಗಳನ್ನು ಮಳೆಗಾಲಕ್ಕೆಂದು ಕೂಡಿಡುವ ಪದ್ಧತಿ ಹಿಂದಿನಷ್ಟಲ್ಲದಿದ್ದರೂ ಇನ್ನೂ ಅಳಿದಿಲ್ಲ. ಸಂಜೆ ಐದರ ಸುಮಾರಿಗೆ ಕಾರ್ಮೋಡ ಕವಿದರೆ ದರ ಇಳಿಯುತ್ತದೆ, ಟಾರ್ಪಾಲುಗಳು ಮಡಚಿಕೊಳ್ಳುತ್ತವೆ. ಹೆಬ್ರಿಯ ಕಡೆಯ ಬಸ್ಸಿಗೆ ಓಡುವವರ ಚೀಲದಲ್ಲಿ ಈಗ ತರಕಾರಿಯ ಬದಲು ಒಣಮೀನಿನ ಪೊಟ್ಟಣವಿರುತ್ತದೆ. ಹಿಂದಿನಿಂದ ಯಾರೋ ಕೂಗುತ್ತಾರೆ, ಉಳಿದ ನಲವತ್ತು ರೂಪಾಯಿ ಮುಂದಿನ ವಾರ ಕೊಟ್ಟರೆ ಸಾಕೆಂದು.