ಸೀಳು ರಿಂಗಿನ ಬೇರಿಂಗು: ಸಾಗಣೆಯಲ್ಲಿ ಜೋಡಿ ತಪ್ಪದಂತೆ ಕಾಯುವ ಬಗೆ

ಕೋಲಾರ ಜಿಲ್ಲೆಯ ಔದ್ಯಮಿಕ ಸ್ವರೂಪವು ಕಳೆದ ಕಾಲು ಶತಮಾನದಲ್ಲಿ ಗಣನೀಯವಾಗಿ ಬದಲಾಗಿದೆ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಚಿನ್ನದ ಗಣಿಗಳು ಮುಚ್ಚಿದವು. ಅದೇ ಊರಿನ ಬಿ.ಇ.ಎಂ.ಎಲ್. ಘಟಕವು ಮಣ್ಣು ಅಗೆಯುವ ಭಾರೀ ಯಂತ್ರಗಳ ತಯಾರಿಕೆಯಿಂದ ಹೆಸರಾಯಿತು. ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾಯಿತು. ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳು ಬೆಳೆದವು. ಇವುಗಳ ಜೊತೆಗೆ ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಕಾರ್ಖಾನೆಗಳು, ಜಲ್ಲಿ ಕ್ರಷರ್‌ಗಳು, ಶ್ರೀನಿವಾಸಪುರದ ಮಾವನ್ನು ಅವಲಂಬಿಸಿದ ಉದ್ದಿಮೆಗಳು ಇವೆ. ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಬಿಡಿಭಾಗವೆಂದರೆ ಬೇರಿಂಗು. ಎಲ್ಲಿ ಶಾಫ್ಟ್ ತಿರುಗುತ್ತದೆಯೋ ಅಲ್ಲಿ ಬೇರಿಂಗು ಇದ್ದೇ ಇರುತ್ತದೆ.

ದೇಶದ ಪ್ರಮುಖ ಬೇರಿಂಗು ಕಾರ್ಖಾನೆಗಳು ಜೈಪುರ, ಪುಣೆ, ವಡೋದರಾ, ಜಮ್‌ಶೆಡ್‌ಪುರ ಮುಂತಾದ ದೂರದ ಊರುಗಳಲ್ಲಿವೆ. ಅಲ್ಲಿಂದ ನಮ್ಮ ಮಳಿಗೆಗೆ ಅಥವಾ ಜೋಡಣಾ ಮೇಜಿಗೆ ಬರುವಷ್ಟರಲ್ಲಿ ಸರಕು ಹಲವು ಲಾರಿ, ಹಲವು ಗೋದಾಮು, ಹಲವು ಕೈಗಳನ್ನು ದಾಟಿರುತ್ತದೆ. ಸಾಮಾನ್ಯ ಬೇರಿಂಗು ಈ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಆದರೆ ಸೀಳು ರಿಂಗಿನ ಬೇರಿಂಗಿನ ವಿಷಯ ಬೇರೆ. ಅದನ್ನು ಹಿಡಿದಿಡುವ ಕೆಲವೇ ರೂಪಾಯಿಗಳ ಕ್ಲಿಪ್ಪು ಇಲ್ಲದಿದ್ದರೆ ಸಾವಿರಾರು ರೂಪಾಯಿಗಳ ಸರಕು ನಿರುಪಯುಕ್ತವಾಗಬಲ್ಲದು. ಈ ಪುಟ್ಟ ಸಾಧನದ ತಾಂತ್ರಿಕ ಹಾಗೂ ವಾಣಿಜ್ಯಿಕ ಮಹತ್ವವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಿಂಗನ್ನು ಸೀಳುವುದೇಕೆ?

ಸೀಳುವಿಕೆಯಲ್ಲಿ ಎರಡು ಬಗೆ. ಉದ್ದಿನವಡೆಯ ಉಪಮೆಯಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು. ವಡೆಯನ್ನು ಅಡ್ಡಲಾಗಿ ಸೀಳಿ ಎರಡು ತೆಳುವಾದ ವಡೆಗಳನ್ನಾಗಿ ಮಾಡುವುದು ಒಂದು ಬಗೆ; ನಡುವೆ ಮುರಿದು ಎರಡು ಅರ್ಧಚಂದ್ರಗಳನ್ನಾಗಿ ಮಾಡುವುದು ಇನ್ನೊಂದು.

ಮೊದಲನೆಯ ಬಗೆಗೆ ಉತ್ತಮ ಉದಾಹರಣೆ ನಾಲ್ಕು ಬಿಂದು ಸಂಪರ್ಕದ ಬಾಲ್ ಬೇರಿಂಗು. ಗೇರ್ ಬಾಕ್ಸ್, ಪಂಪು, ಕಂಪ್ರೆಸರ್‌ಗಳಲ್ಲಿ ಶಾಫ್ಟಿನ ಉದ್ದಕ್ಕೂ ಎರಡೂ ದಿಕ್ಕಿನಿಂದ ಬರುವ ಒತ್ತಡವನ್ನು ಇದು ತಡೆದುಕೊಳ್ಳುತ್ತದೆ. ಇದರ ಒಳ ರಿಂಗು ಎರಡು ತುಂಡಾಗಿರುವುದರಿಂದ ಹೆಚ್ಚು ಸಂಖ್ಯೆಯ ಗುಂಡುಗಳನ್ನು ತುಂಬಬಹುದು, ಗುಂಡುಗಳು ಓಡುವ ದಾರಿಯ ಅಂಚುಗಳನ್ನು ಎತ್ತರವಾಗಿ ಇಡಬಹುದು. ಕಾರುಗಳ ಚಕ್ರದ ಎರಡು ಸಾಲಿನ ಬೇರಿಂಗುಗಳಲ್ಲಿಯೂ ಒಳ ರಿಂಗು ಎರಡು ಭಾಗವಾಗಿರುವುದು ಸಾಮಾನ್ಯ.

ಎರಡನೆಯ ಬಗೆಯ ಇತಿಹಾಸ ಶತಮಾನಕ್ಕೂ ಹಳೆಯದು. ಇಂಗ್ಲೆಂಡಿನ ಥಾಮಸ್ ಕೂಪರ್ 1907ರಲ್ಲಿ ಅರ್ಧಚಂದ್ರಾಕಾರವಾಗಿ ಬಿಚ್ಚಬಲ್ಲ ರೋಲರ್ ಬೇರಿಂಗನ್ನು ರೂಪಿಸಿದರು. ಗಣಿ, ಸಿಮೆಂಟು ಕಾರ್ಖಾನೆ, ಹಡಗು, ಕನ್ವೇಯರ್ ಮುಂತಾದ ಕಡೆ ಉದ್ದನೆಯ ಶಾಫ್ಟಿನ ಮಧ್ಯದ ಬೇರಿಂಗು ಕೆಟ್ಟರೆ, ತುದಿಯಿಂದ ಗೇರು, ಕಪ್ಲಿಂಗು, ರಾಟೆಗಳನ್ನೆಲ್ಲ ಕಳಚಬೇಕಾಗುತ್ತದೆ. ಸೀಳು ಬೇರಿಂಗಾದರೆ ಇದ್ದ ಜಾಗದಲ್ಲಿಯೇ ಶಾಫ್ಟನ್ನು ಸುತ್ತುವರಿದು ಕೂರಿಸಬಹುದು. ಬೇರಿಂಗಿನ ಬೆಲೆ ಹೆಚ್ಚಾದರೂ ಯಂತ್ರ ನಿಲ್ಲುವ ಅವಧಿ ಕಡಿಮೆ ಆಗುತ್ತದೆ.

ಬಿಡಿಯಾದರೆ ಆಗುವ ಹಾನಿ

ಶಾಫ್ಟಿನ ಮೇಲೆ ಕುಳಿತು ನಟ್ಟಿನಿಂದ ಬಿಗಿಯಾದ ಮೇಲೆ ಎರಡು ತುಂಡುಗಳೂ ಒಂದೇ ರಿಂಗಿನಂತೆ ವರ್ತಿಸುತ್ತವೆ. ಅಲ್ಲಿಯವರೆಗೆ ಅವುಗಳನ್ನು ಒಟ್ಟಿಗೆ ಇಡುವುದು ಹೊರಗಿನ ಸಾಧನದ ಕೆಲಸ. ಅದು ವಿಫಲವಾದರೆ ನಾಲ್ಕು ಬಗೆಯ ಹಾನಿ ಸಂಭವಿಸುತ್ತದೆ.

ಮೊದಲನೆಯದು ಜೋಡಿ ತಪ್ಪುವುದು. ಎರಡು ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ತಯಾರಿಸಿರುತ್ತಾರೆ. ಒಂದರ ಅರ್ಧವನ್ನು ಇನ್ನೊಂದರ ಅರ್ಧಕ್ಕೆ ಸೇರಿಸಿದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಒಳಗಿನ ಸಡಿಲ ಬದಲಾಗಿ ಬೇರಿಂಗು ಬಿಸಿಯಾಗುತ್ತದೆ, ಸದ್ದು ಮಾಡುತ್ತದೆ, ಬೇಗ ಕೆಡುತ್ತದೆ. ಎರಡನೆಯದು ಗುಂಡು ಅಥವಾ ರೋಲರ್ ಉದುರುವುದು. ಮೂರನೆಯದು ಧೂಳು ಮತ್ತು ತೇವ ಒಳಸೇರುವುದು. ಜಲ್ಲಿ ಕ್ರಷರ್ ಅಥವಾ ಇಟ್ಟಿಗೆ ಕಾರ್ಖಾನೆಯ ಪರಿಸರದಲ್ಲಿ ಈ ಅಪಾಯವನ್ನು ವಿವರಿಸಬೇಕಾಗಿಲ್ಲ. ನಾಲ್ಕನೆಯದು ಅಲುಗಾಟದ ಗುರುತು. ತಿರುಗದೆ ನಿಂತ ಬೇರಿಂಗು ಗಂಟೆಗಟ್ಟಲೆ ಕಂಪಿಸಿದಾಗ ಗುಂಡು ಮತ್ತು ರಿಂಗಿನ ನಡುವಿನ ಗ್ರೀಸು ಸರಿದು, ಗುಂಡುಗಳ ಅಂತರದಲ್ಲಿಯೇ ಸಣ್ಣ ತಗ್ಗುಗಳು ಮೂಡುತ್ತವೆ. 1930ರ ದಶಕದಲ್ಲಿ ಅಮೆರಿಕದಲ್ಲಿ ರೈಲಿನಲ್ಲಿ ಸಾಗಿಸಿದ ಹೊಸ ಕಾರುಗಳ ಚಕ್ರದ ಬೇರಿಂಗುಗಳು, ಒಂದು ಮೈಲಿಯೂ ಓಡದೆ ಇದೇ ರೀತಿ ಹಾಳಾದದ್ದು ತಂತ್ರಜ್ಞರ ಗಮನ ಸೆಳೆದಿತ್ತು.

ಹಿಡಿದಿಡುವ ವಿಧಾನಗಳು

ಬಳಕೆಯಲ್ಲಿರುವ ಸಾಧನಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

1. ಲೋಹದ ಕ್ಲಿಪ್ಪು: ಎರಡು ಒಳ ರಿಂಗುಗಳಲ್ಲಿ ಕೊರೆದ ಸಣ್ಣ ಗಾಡಿಗೆ ತೆಳುವಾದ ತಗಡಿನ ಉಂಗುರ ಸಿಕ್ಕಿಕೊಳ್ಳುತ್ತದೆ. ಇದು ಬೇರಿಂಗಿನೊಳಗೆಯೇ ಶಾಶ್ವತವಾಗಿ ಉಳಿಯುವಂತೆ ರೂಪಿಸಿದ್ದು. ಜೋಡಿಸುವವನಿಗೆ ಹೆಚ್ಚುವರಿ ಕೆಲಸವಿಲ್ಲ. ಆದರೆ ಗಾಡಿ ಕೊರೆಯುವ ಖರ್ಚು ತಯಾರಕನಿಗೆ ಉಂಟು.

2. ಪ್ಲಾಸ್ಟಿಕ್ ಕೊಳವೆ: ಬೇರಿಂಗಿನ ರಂಧ್ರದೊಳಗೆ ತೂರಿಸಿದ ಕೊಳವೆಯ ತುದಿಗಳು ಎರಡೂ ಬದಿಯಲ್ಲಿ ರಿಂಗನ್ನು ಕಚ್ಚಿ ಹಿಡಿಯುತ್ತವೆ. ಶಾಫ್ಟನ್ನು ಒಳಗೆ ತಳ್ಳಿದಂತೆ ಕೊಳವೆ ತಾನಾಗಿಯೇ ಇನ್ನೊಂದು ಬದಿಯಿಂದ ಹೊರಬರುತ್ತದೆ. ತುಂಡುಗಳು ಒಂದು ಕ್ಷಣವೂ ಆಸರೆ ತಪ್ಪುವುದಿಲ್ಲ.

3. ಹೊರಸುತ್ತಿನ ಪಟ್ಟಿ: ಅರ್ಧಚಂದ್ರಾಕಾರದ ಬೇರಿಂಗುಗಳನ್ನು ಪಟ್ಟಿಯಿಂದ ಅಥವಾ ತಾತ್ಕಾಲಿಕ ಸ್ಕ್ರೂಗಳಿಂದ ಬಿಗಿಯಲಾಗುತ್ತದೆ. ಕೇಜಿನ ಎರಡು ಅರ್ಧಗಳಿಗೆ ಪ್ರತ್ಯೇಕ ಕ್ಲಿಪ್ಪು ಇರುತ್ತದೆ.

4. ತಾತ್ಕಾಲಿಕ ಉಪಾಯಗಳು: ಬೈಂಡಿಂಗ್ ತಂತಿ, ಅಂಟುಪಟ್ಟಿ, ಸೆಣಬಿನ ದಾರ. ಮಾರುಕಟ್ಟೆಯಲ್ಲಿ ಬಿಡಿಯಾಗಿ ಮಾರುವಾಗ ಇವು ಕಂಡುಬರುತ್ತವೆ. ತಂತಿ ಗೀರುತ್ತದೆ, ಅಂಟು ಉಳಿಯುತ್ತದೆ, ದಾರದ ಎಳೆ ಗ್ರೀಸಿನಲ್ಲಿ ಸೇರುತ್ತದೆ. ಇವನ್ನು ವರ್ಜಿಸುವುದೇ ಲೇಸು.

ಉತ್ತಮ ಸಾಧನದ ಲಕ್ಷಣಗಳು ಸರಳ. ಅದು ಗುಂಡು ಓಡುವ ದಾರಿಯನ್ನು ಮುಟ್ಟಬಾರದು, ತುಕ್ಕು ನಿರೋಧಕ ಎಣ್ಣೆಯೊಡನೆ ಕರಗಬಾರದು, ಚೂರು ಉದುರಿಸಬಾರದು, ತೆಗೆಯಲು ವಿಶೇಷ ಉಪಕರಣ ಬೇಡಬಾರದು. ತೆಗೆಯಬೇಕಾದ ಸಾಧನವು ಎದ್ದು ಕಾಣುವ ಬಣ್ಣದಲ್ಲಿದ್ದರೆ ಯಂತ್ರದೊಳಗೆ ಮರೆತು ಉಳಿಯುವ ಸಂಭವ ಕಡಿಮೆ. ನೂರು ಬೇರಿಂಗು ಜೋಡಿಸಿದ ಮೇಲೆ ಡಬ್ಬಿಯಲ್ಲಿ ನೂರು ಕೊಳವೆ ಇರಬೇಕು. ಲೆಕ್ಕಪತ್ರದ ಈ ಸರಳ ತಾಳೆಯೇ ಜೋಡಣಾ ಮೇಜಿನ ಉತ್ತಮ ತಪಾಸಣೆ.

ಮಳಿಗೆಯಲ್ಲಿ ಗಿರಾಕಿಗೆ ತೋರಿಸಲೆಂದು ಬಂಧಕವನ್ನು ಬಿಚ್ಚುವ ಪರಿಪಾಠವನ್ನು ಬಿಡಬೇಕು. ತುಂಡುಗಳ ಮೇಲಿನ ಗುರುತುಗಳನ್ನು ಹೊಂದಿಸಿಯೇ ಕೂರಿಸಬೇಕು. ಪೆಟ್ಟಿಗೆ ತೆರೆದ ಮೇಲೆ ಅದೇ ದಿನ ಜೋಡಿಸುವಂತೆ ಯೋಜಿಸುವುದು ಕ್ಷೇಮ.

ನಷ್ಟ ಯಾರ ಪಾಲಿಗೆ?

ಪೆಟ್ಟಿಗೆ ತೆರೆದಾಗ ತುಂಡುಗಳು ಚೆದುರಿದ್ದರೆ ಮಾರಾಟಗಾರನು ಸಾಗಣೆದಾರನತ್ತ, ಸಾಗಣೆದಾರನು ಪ್ಯಾಕಿಂಗಿನತ್ತ ಬೆರಳು ತೋರುವುದು ವಾಡಿಕೆ. ಕಾನೂನಿನ ಸ್ಥಿತಿಯನ್ನು ಖರೀದಿದಾರರು ಮೊದಲೇ ಅರಿತಿರಬೇಕು.

1930ರ ಸರಕು ಮಾರಾಟ ಅಧಿನಿಯಮದ 26ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಒಡೆತನ ಯಾರದೋ ಅಪಾಯವೂ ಅವರದೇ. 39ನೆಯ ಪ್ರಕರಣದ ಪ್ರಕಾರ ಸಾಗಣೆದಾರನಿಗೆ ಸರಕು ಒಪ್ಪಿಸಿದರೆ ಮೇಲ್ನೋಟಕ್ಕೆ ಖರೀದಿದಾರನಿಗೇ ಒಪ್ಪಿಸಿದಂತೆ. ಆದುದರಿಂದ ಆದೇಶಪತ್ರದಲ್ಲಿ ಏನೂ ಬರೆಯದಿದ್ದರೆ, ಜೈಪುರದಿಂದ ಮುಳಬಾಗಿಲಿನವರೆಗಿನ ದಾರಿಯ ಅಪಾಯವನ್ನು ಖರೀದಿದಾರನೇ ಹೊರಬೇಕಾಗಬಹುದು.

ಸಾಗಣೆದಾರನಿಂದ ಪೂರ್ಣ ಪರಿಹಾರ ದೊರಕೀತೆಂದು ಭಾವಿಸುವುದೂ ಸರಿಯಲ್ಲ. 2007ರ ರಸ್ತೆ ಸಾಗಣೆ ಅಧಿನಿಯಮ ಮತ್ತು 2011ರ ನಿಯಮಗಳ ಮೇರೆಗೆ, ಹೆಚ್ಚಿನ ಅಪಾಯದ ದರವನ್ನು ಒಪ್ಪಿ ಘೋಷಿಸದಿದ್ದಲ್ಲಿ ಸಾಗಣೆದಾರನ ಹೊಣೆ ಬಾಡಿಗೆಯ 10 ಪಟ್ಟಿಗೆ ಸೀಮಿತ. ರೂ. 60,000 ಮೌಲ್ಯದ ಪಾರ್ಸಲಿಗೆ ರೂ. 400 ಬಾಡಿಗೆ ತೆತ್ತಿದ್ದರೆ ದೊರೆಯಬಹುದಾದ ಗರಿಷ್ಠ ಮೊತ್ತ ರೂ. 4,000. ಅದಕ್ಕೂ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ನೀಡಿರಬೇಕು.

ಇನ್ನು ವಿಮೆ. ಸಾಗಣೆ ವಿಮಾ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಅಸಮರ್ಪಕ ಪ್ಯಾಕಿಂಗಿನಿಂದಾದ ನಷ್ಟವನ್ನು ಹೊರಗಿಡಲಾಗಿರುತ್ತದೆ. ಬಂಧಕವಿಲ್ಲದೆ ಕಳುಹಿಸಿದ ಸೀಳು ಬೇರಿಂಗಿನ ವಿಷಯದಲ್ಲಿ ಈ ಷರತ್ತು ಎದುರಾಗುವ ಸಂಭವ ಹೆಚ್ಚು. ಹೀಗೆ ಮೂರು ಬಾಗಿಲುಗಳೂ ಅರ್ಧ ಮುಚ್ಚಿರುವಾಗ, ಕ್ಲಿಪ್ಪೇ ನಿಜವಾದ ವಿಮೆ.

ಆಕ್ಷೇಪಣೆಯ ಅವಧಿಯನ್ನೂ ನೆನಪಿಡಬೇಕು. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮದಡಿ, ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಇಲ್ಲದಿದ್ದರೆ ತಲುಪಿದ ದಿನವೇ ಅಂಗೀಕಾರದ ದಿನವೆನಿಸುತ್ತದೆ; ಹಣ ಪಾವತಿಯ ಗರಿಷ್ಠ 45 ದಿನಗಳ ಗಡುವು ಆಗಿನಿಂದಲೇ ಎಣಿಕೆಯಾಗುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಪಾವತಿಸದ ಮೊತ್ತವನ್ನು ಆ ವರ್ಷದ ವೆಚ್ಚವಾಗಿ ಕಳೆಯಲು ಅವಕಾಶವಿಲ್ಲವೆಂಬ ಆದಾಯ ತೆರಿಗೆ ನಿಯಮವು 2024-25ರ ಕರನಿರ್ಧಾರಣಾ ವರ್ಷದಿಂದ ಜಾರಿಗೆ ಬಂದಿತು. ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ತೆರೆಯದೆ ಇಟ್ಟು ಅನಂತರ ತಕರಾರು ತೆಗೆಯುವುದು ಈಗ ದುಬಾರಿ ಅಭ್ಯಾಸ.

ಜಿ.ಎಸ್.ಟಿ. ದೃಷ್ಟಿಯಿಂದ

ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. 17(5)ನೆಯ ಪ್ರಕರಣದಂತೆ ಪಡೆದ ಜಮೆಯನ್ನು ಹಿಂದಿರುಗಿಸಬೇಕು. ಅಂದರೆ ಕೆಟ್ಟ ಬೇರಿಂಗಿನ ಬೆಲೆಯ ಜೊತೆಗೆ ತೆರಿಗೆಯೂ ನಷ್ಟ. ಸರಕನ್ನು ಮಾರಾಟಗಾರನಿಗೆ ಹಿಂದಿರುಗಿಸಿ ಕ್ರೆಡಿಟ್ ನೋಟು ಪಡೆದರೆ ಈ ನಷ್ಟ ತಪ್ಪುತ್ತದೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅದನ್ನು ರಿಟರ್ನಿನಲ್ಲಿ ತೋರಿಸಬೇಕೆಂಬ ಮಿತಿಯನ್ನು ಮರೆಯಬಾರದು.

ನಮ್ಮದು ಗಡಿ ಜಿಲ್ಲೆ. ಮಾಲೂರಿನಿಂದ ಹೊಸೂರು ಸಮೀಪ. ಮುಳಬಾಗಿಲು ದಾಟಿದರೆ ಆಂಧ್ರಪ್ರದೇಶ. ಬೇರೆ ರಾಜ್ಯದ ಜಾಬ್ ವರ್ಕ್ ಘಟಕಕ್ಕೆ ಸರಕು ಕಳುಹಿಸುವಾಗ ಮೌಲ್ಯ ರೂ. 50,000ಕ್ಕಿಂತ ಕಡಿಮೆಯಿದ್ದರೂ ಇ-ವೇ ಬಿಲ್ ಕಡ್ಡಾಯ. ಕಚ್ಚಾ ಸರಕು 1 ವರ್ಷದೊಳಗೆ ಮರಳಬೇಕು. ಆದರೆ ಅಚ್ಚು, ಜಿಗ್, ಫಿಕ್ಸ್ಚರ್ ಮತ್ತು ಉಪಕರಣಗಳಿಗೆ ಯಂತ್ರಗಳಿಗಿರುವ 3 ವರ್ಷಗಳ ಮಿತಿ ಅನ್ವಯಿಸುವುದಿಲ್ಲ.

ಒಂದು ಸರಳ ಲೆಕ್ಕ

ಉದಾಹರಣೆಗೆ, ಒಂದು ಘಟಕವು ತಿಂಗಳಿಗೆ ರೂ. 1,200 ಬೆಲೆಯ 500 ಬೇರಿಂಗುಗಳನ್ನು ತರಿಸುತ್ತದೆ ಎಂದಿಟ್ಟುಕೊಳ್ಳೋಣ. ಶೇ. 2ರಷ್ಟು, ಅಂದರೆ 10 ಬೇರಿಂಗುಗಳು ಜೋಡಿ ತಪ್ಪಿದರೆ ನಷ್ಟ ರೂ. 12,000. ತಲಾ ರೂ. 6ರ ಕೊಳವೆ ಹಾಕಿಸಿದರೆ ಖರ್ಚು ರೂ. 3,000. ಆಗಲೂ ಒಂದು ಬೇರಿಂಗು ಕೆಟ್ಟಿತೆನ್ನೋಣ, ಒಟ್ಟು ರೂ. 4,200. ತಿಂಗಳಿಗೆ ರೂ. 7,800 ಉಳಿತಾಯ. ತೆರಿಗೆ ಜಮೆಯ ನಷ್ಟ, ಕೆಲಸ ನಿಂತ ಗಂಟೆಗಳು, ಗಿರಾಕಿಯ ಅಸಮಾಧಾನ ಇದರಲ್ಲಿ ಸೇರಿಲ್ಲ. ಆದರೆ ಶೇ. 2ರ ಬದಲು ನಷ್ಟವು ಶೇ. 0.5ಕ್ಕಿಂತ ಕಡಿಮೆಯಿದ್ದರೆ ಬೇರಿಂಗಿನ ಬೆಲೆಯೊಂದರ ಮೇಲೆಯೇ ಈ ಖರ್ಚು ಗಿಟ್ಟದು. ಆದ್ದರಿಂದ ಪ್ರತಿ ಘಟಕವೂ ಮೂರು ತಿಂಗಳು ತನ್ನ ನಷ್ಟವನ್ನು ದಾಖಲಿಸಿ ನಿರ್ಧರಿಸುವುದು ಉಚಿತ.

ಸಣ್ಣ ತಯಾರಕರಿಗೆ ಅವಕಾಶ

ಸೀಳು ಬೇರಿಂಗನ್ನು ತಯಾರಿಸಲು ಭಾರೀ ಬಂಡವಾಳ ಬೇಕು. ಆದರೆ ಅದರ ಪ್ಲಾಸ್ಟಿಕ್ ಕೊಳವೆ, ತಗಡಿನ ಕ್ಲಿಪ್ಪು, ಗುಳಿಯುಳ್ಳ ತಟ್ಟೆಗಳನ್ನು ಒಂದು ಮೋಲ್ಡಿಂಗ್ ಯಂತ್ರ ಅಥವಾ ಪವರ್ ಪ್ರೆಸ್ಸು ಹೊಂದಿರುವ ಘಟಕವೂ ಮಾಡಬಲ್ಲದು. ಗಮನಿಸಬೇಕಾದ ಅಂಶವೆಂದರೆ, ಇಂತಹ ಬಂಧಕಗಳ ಹಲವು ವಿನ್ಯಾಸಗಳಿಗೆ ಪೇಟೆಂಟು ಇರುತ್ತದೆ. 1970ರ ಪೇಟೆಂಟು ಅಧಿನಿಯಮದಡಿ ರಕ್ಷಣೆಯ ಅವಧಿ 20 ವರ್ಷ. ಮಾದರಿ ನೋಡಿ ನಕಲು ಮಾಡುವ ಮುನ್ನ ಭಾರತೀಯ ಪೇಟೆಂಟು ಕಚೇರಿಯ ಜಾಲತಾಣದಲ್ಲಿ ಹುಡುಕುವುದು, ಅಥವಾ ಗಿರಾಕಿಯಿಂದಲೇ ಲಿಖಿತ ನಕ್ಷೆ ಮತ್ತು ಅನುಮತಿ ಪಡೆಯುವುದು ವಿವೇಕ.

ಆದೇಶಪತ್ರದಲ್ಲಿ ಇರಬೇಕಾದ್ದು

ಕೊನೆಯದಾಗಿ, ಮುಂದಿನ ಆದೇಶಪತ್ರದಲ್ಲಿ ಈ ಐದು ಸಾಲುಗಳನ್ನು ಸೇರಿಸುವಂತೆ ಸದಸ್ಯರಲ್ಲಿ ವಿನಂತಿ.

1. ಪ್ರತಿ ಬೇರಿಂಗಿಗೂ ಬಂಧಕವಿರತಕ್ಕದ್ದು. ಅದರ ಬಗೆಯನ್ನು ನಮೂದಿಸತಕ್ಕದ್ದು.
2. ನಮ್ಮ ಬಾಗಿಲಿನವರೆಗಿನ ಸಾಗಣೆಯ ಅಪಾಯ ಮಾರಾಟಗಾರನದು.
3. ಸರಕು ತಲುಪಿದ 15 ದಿನಗಳೊಳಗೆ ತಪಾಸಣೆ. ದೋಷವಿದ್ದರೆ ಲಿಖಿತ ಆಕ್ಷೇಪಣೆ.
4. ಜೋಡಿ ತಪ್ಪಿದ ಬೇರಿಂಗನ್ನು ಹಿಂದಕ್ಕೆ ಪಡೆದು ಕ್ರೆಡಿಟ್ ನೋಟು ನೀಡತಕ್ಕದ್ದು.
5. ಹಿಂದಿರುಗಿಸಬೇಕಾದ ತಟ್ಟೆ ಮತ್ತು ಬಂಧಕಗಳ ಸಂಖ್ಯೆಯನ್ನು ಚಲನ್‌ನಲ್ಲಿ ಬರೆಯತಕ್ಕದ್ದು.

ಇವುಗಳಲ್ಲಿ ಎರಡನೆಯದಕ್ಕೆ ಮಾರಾಟಗಾರನು ಸುಲಭವಾಗಿ ಒಪ್ಪದಿರಬಹುದು, ಅಥವಾ ಬೆಲೆಯಲ್ಲಿ ಕೊಂಚ ಏರಿಕೆ ಕೇಳಬಹುದು. ಆಗ ಆ ಏರಿಕೆಯನ್ನು ಮೇಲಿನ ಲೆಕ್ಕದೊಡನೆ ಹೋಲಿಸಿ ಮಾತುಕತೆಗೆ ಕೂರುವುದು ಸೂಕ್ತ.